ಒಂದೇ ಕೊಯ್ತದ ಬಾಳು

ನಾನು ಒಂದು ಗರಗಸದ ಪಟ್ಟಿ. ಬ್ಯಾಂಡ್‌ಸಾ ಎಂಬ, ಕಬ್ಬಿಣ ಕೊಯ್ಯುವ ಕೈಮಶೀನಿಗೆ ಹಾಕುವ ಬ್ಲೇಡು. ಬಡಗಿಯ ಗರಗಸವೆಂದು ತಿಳಿದು ನನ್ನನ್ನು ಕಟ್ಟಿಗೆಗೆ ಹಚ್ಚಬೇಡಿ; ನನ್ನ ಹಲ್ಲು ಸಣ್ಣವು, ಹೊಟ್ಟು ತುಂಬಿಕೊಂಡು ಉಸಿರು ಕಟ್ಟುತ್ತದೆ. ಕಬ್ಬಿಣ ಕೊಡಿ, ಕೊಯ್ಯುತ್ತೇನೆ. ಕೊಯ್ಯುತ್ತಿದ್ದೆ ಎನ್ನಬೇಕು. ಈಗ ನಾನು ಗಜೇಂದ್ರಗಡದ ಒಂದು ವೆಲ್ಡಿಂಗ್ ಅಂಗಡಿಯ ಗೋಡೆಯಲ್ಲಿ ಮೊಳೆಗೆ ನೇತುಬಿದ್ದಿರುವ, ಎರಡು ತುದಿಯ ಒಂದು ತುಂಡು. ಹುಟ್ಟಿದಾಗ ನನಗೆ ತುದಿಯೇ ಇರಲಿಲ್ಲ.

ನನ್ನನ್ನು ಮಾಡಿದ ಕಾರ್ಖಾನೆ ಎಲ್ಲಿತ್ತೋ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಉದ್ದನೆಯ ಉಕ್ಕಿನ ಸುರುಳಿಯಲ್ಲಿದ್ದೆ. ಬೆನ್ನು ಮೆತ್ತನೆಯ ಉಕ್ಕು, ಅಂಚು ಗಟ್ಟಿ ಉಕ್ಕು. ಎರಡನ್ನೂ ಬೆಸೆದು ಒಂದು ಮಾಡಿದ್ದರು. ಬೆನ್ನು ಮೆತ್ತಗಿಲ್ಲದಿದ್ದರೆ ಗಾಲಿಯ ಸುತ್ತ ಬಾಗಲಾರೆ, ಅಂಚು ಗಟ್ಟಿಯಿಲ್ಲದಿದ್ದರೆ ಕೊಯ್ಯಲಾರೆ. ಆಮೇಲೆ ಅಂಚಿಗೆ ಹಲ್ಲು ಕೊರೆದರು. ಒಂದು ಹಲ್ಲನ್ನು ಎಡಕ್ಕೆ, ಒಂದನ್ನು ಬಲಕ್ಕೆ ತುಸು ವಾಲಿಸಿದರು. ಹೀಗಾಗಿ ನಾನು ಕೊಯ್ದ ಸೀಳು ನನ್ನ ಮೈಗಿಂತ ಒಂದು ಕೂದಲೆಳೆಯಷ್ಟು ಅಗಲ. ಈ ಕೂದಲೆಳೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ. ಕೊನೆಗೆ ನನ್ನನ್ನು ಕತ್ತರಿಸಿ, ತಲೆಗೂ ಬಾಲಕ್ಕೂ ಬೆಸುಗೆ ಹಾಕಿ ಬಳೆ ಮಾಡಿದರು. ಐವರು ಅಣ್ಣತಮ್ಮಂದಿರನ್ನು ಒಂದೇ ರಟ್ಟಿನ ಪಾಕೀಟಿಗೆ ತುರುಕಿದರು.

ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಾವು ಬಹಳ ಕಾಲ ನೇತಾಡಿದೆವು. ಗಿರಾಕಿಗಳೆಲ್ಲ ಬಂದು ಕೇಳುತ್ತಿದ್ದುದು ಗ್ರೈಂಡರಿನ ದುಂಡು ಚಕ್ರಗಳನ್ನು. ಕಿಡಿ ಹಾರಿಸಿ, ಊರಿಗೆಲ್ಲ ಕೇಳುವಂತೆ ಕಿರುಚಿ ಕೊಯ್ಯುವ ಆ ಚಕ್ರಗಳ ಜಂಬ ನೋಡಲಾಗುತ್ತಿರಲಿಲ್ಲ. ನಾವು ಕಿಡಿ ಹಾರಿಸುವುದಿಲ್ಲ. ಕಬ್ಬಿಣವನ್ನು ಸುಡುವುದೂ ಇಲ್ಲ, ಕೊಯ್ದ ಮೇಲೆ ಬೆರಳಿಟ್ಟು ನೋಡಿದರೆ ಬಿಸಿಲಿಗಿಟ್ಟ ತಟ್ಟೆಯಷ್ಟು ಬೆಚ್ಚಗಿರುತ್ತದೆ, ಅಷ್ಟೇ. ಆದರೆ ಸದ್ದು ಮಾಡದವನನ್ನು ಸಂತೆಯಲ್ಲಿ ಯಾರು ಕೇಳುತ್ತಾರೆ?

ಕೇಳಿದವನು ಮೌನೇಶ ಬಡಿಗೇರ. ಅವನ ಅಜ್ಜ ಕುಲುಮೆಯಲ್ಲಿ ನೇಗಿಲ ಕುಡ ಬಡಿದವನು, ಅಪ್ಪ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಏರಿಸಿದವನು, ಇವನು ಗೇಟು, ಗ್ರಿಲ್ಲು, ನೀರಿನ ತೊಟ್ಟಿಯ ಸ್ಟ್ಯಾಂಡು ಮಾಡುವವನು. ಮೀಸೆಯ ಬಲತುದಿ ವೆಲ್ಡಿಂಗ್ ಕಿಡಿಗೆ ಸುಟ್ಟು ಸದಾ ಎಡಕ್ಕಿಂತ ಗಿಡ್ಡ. ಮಾತು ಕಡಿಮೆ, ಗೊಣಗಾಟ ಹೆಚ್ಚು. ಪಾಕೀಟು ಒಡೆದು ನಮ್ಮ ಹಲ್ಲನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಆ ಬೆರಳು ಎಷ್ಟು ಒರಟಾಗಿತ್ತೆಂದರೆ ನನ್ನ ಹಲ್ಲಿಗೇ ಕಚಗುಳಿಯಾಯಿತು.

ಅವನ ಅಂಗಡಿಯಲ್ಲಿ ನನ್ನ ಅಣ್ಣಂದಿರು ಒಬ್ಬೊಬ್ಬರಾಗಿ ಮಶೀನು ಹತ್ತಿದರು. ಮಶೀನಿನಲ್ಲಿ ಎರಡು ಗಾಲಿ. ಗಾಲಿಗಳ ಅಂಚಿಗೆ ರಬ್ಬರಿನ ಹೊದಿಕೆ. ಆ ರಬ್ಬರು ನಮ್ಮನ್ನು ಬಿಗಿಯಾಗಿ ಹಿಡಿದು ಓಡಿಸಬೇಕು. ಅದಕ್ಕೇ ನಮಗೆ ಎಣ್ಣೆ ವರ್ಜ್ಯ. ಬೇರೆ ಗರಗಸಗಳು ಎಣ್ಣೆ ಕುಡಿಯುತ್ತ ಕೊಯ್ಯುತ್ತವಂತೆ. ನಮ್ಮದು ಒಣ ವ್ರತ.

ಮೊದಲನೆಯವನು ಅವಸರಕ್ಕೆ ಸತ್ತ. ಮೌನೇಶನ ಜೊತೆ ಕೆಲಸ ಮಾಡುವ ದಾವಲ ಗಟ್ಟಿಮುಟ್ಟಾದ ಆಳು, ಮಕ್ಕಳೊಂದಿಗ, ಆದರೆ ಕಬ್ಬಿಣ ಕಂಡರೆ ಕುಸ್ತಿಗೆ ಬಿದ್ದವನಂತೆ ಒತ್ತುವ ಚಟ. ತೆಳು ಪೈಪಿನ ಮೇಲೆ ಮಶೀನನ್ನು ಅದುಮಿ ಅಣ್ಣನ ಹಲ್ಲು ಉದುರಿಸಿದ. "ಒತ್ತಬ್ಯಾಡೋ ಮಾರಾಯಾ," ಎಂದು ಮೌನೇಶ ಗೊಣಗಿದ. "ಮಶೀನಿನ ಭಾರಕ್ಕ ಅದು ತಾನ ಇಳೀತೈತಿ." ಇದನ್ನು ಅವನು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದ. ಅಂಗಡಿಯ ಹಲ್ಲಿಗೂ ಬಾಯಿಪಾಠವಾಗಿತ್ತು.

ಎರಡನೆಯವನ ಸಾವು ಇನ್ನೂ ಕೆಟ್ಟದ್ದು. ಅವನಿಗಿಂತ ಮುಂಚೆ ಹಾಕಿದ್ದ, ಹಳೆಯ ಪಾಕೀಟಿನ ಸವೆದ ಬ್ಲೇಡೊಂದು ಅರ್ಧ ಸರಳು ಕೊಯ್ದು ತುಂಡಾಗಿತ್ತು. ದಾವಲ ಹೊಸಬನನ್ನು ಏರಿಸಿ ಅದೇ ಸೀಳಿಗೆ ಇಳಿಸಿದ. ಸವೆದವನು ಕೊಯ್ದ ಸೀಳು ಸಣ್ಣದು, ಹೊಸಬನ ಹಲ್ಲು ಅಗಲ. ಕೂದಲೆಳೆ ಅಂದೆನಲ್ಲ, ಅದೇ. ಅಣ್ಣ ಸೀಳಿನಲ್ಲಿ ಸಿಕ್ಕಿ, ಗಕ್ಕೆಂದು ನಿಂತು, ಹಲ್ಲನ್ನೆಲ್ಲ ಅಲ್ಲೇ ಕಳೆದುಕೊಂಡ. "ಹಳೇ ಗಾಯದಾಗ ಹೊಸ ಹಲ್ಲು ಇಳಸ್ತಾರೇನೋ? ಸರಳು ತಿರುವಿ ಆಚೀ ಕಡಿಂದ ಹಚ್ಚಬೇಕು," ಎಂದು ಮೌನೇಶ ಅವತ್ತು ನಿಜವಾಗಿಯೂ ಕೂಗಾಡಿದ.

ಮೂರನೆಯವನು ಪುಣ್ಯವಂತ, ಮುದುಕನಾಗಿ ಸತ್ತ. ನಾಲ್ಕನೆಯವನು ಮಶೀನು ಹತ್ತಿ ದುಡಿಯತೊಡಗಿದ. ಪಾಕೀಟಿನಲ್ಲಿ ಉಳಿದವನು ನಾನೊಬ್ಬ. ಕೊಯ್ಯಲು ಹುಟ್ಟಿ ಒಮ್ಮೆಯೂ ಕೊಯ್ಯದೆ ಕೂತಿರುವುದು ಎಂಥ ಶಿಕ್ಷೆ ಎಂದು ಕೂತವರಿಗೇ ಗೊತ್ತು. ನಾಲ್ಕನೆಯವನು ಬೇಗ ತುಂಡಾಗಲಿ ಎಂದು ಬೇಡಿಕೊಂಡದ್ದೂ ಉಂಟು. ಆ ಬೇಡಿಕೆ ಯಾವ ಗಳಿಗೆಯಲ್ಲಿ ಫಲಿಸಿತೆಂದು ನೆನೆದರೆ ಈಗಲೂ ಮೈಯೆಲ್ಲ ಜುಮ್ಮೆನ್ನುತ್ತದೆ.

ಇನ್ನು ಕಾಳವ್ವನ ಮಾತು. ಅವಳು ಮೌನೇಶನ ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಗಂಡ ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಮನೆ ಕಾಣುವವನು. ವೆಲ್ಡಿಂಗ್ ಅಂಗಡಿಯ ಪಕ್ಕದಲ್ಲೇ, ಬೇವಿನ ಮರದ ಕೆಳಗೆ ಅವಳ ಕಬ್ಬಿನಹಾಲಿನ ಅಂಗಡಿ. ಗಾಣ ಮಾಡಿಕೊಟ್ಟವನು ತಮ್ಮನೇ. ಮೊದಲು ಬೇರಿಂಗುಗಳನ್ನು ಬೋಲ್ಟು ಹಾಕಿ ಕೂಡಿಸಿದ್ದ. ಬೋಲ್ಟು ಸಡಿಲಾಗಿ ಗಾಣ ನಡುಗುತ್ತಿತ್ತು. "ನಿನ್ನ ಗಾಣ ಕುಣೀತೈತೋ, ಗೆಜ್ಜಿ ಕಟ್ಟಲೇನು?" ಎಂದು ಅಕ್ಕ ಗಿರಾಕಿಗಳ ಮುಂದೆ ತಮಾಷೆ ಮಾಡಿದಳು. ಮೌನೇಶನಿಗೆ ರೋಷ ಬಂತು. ಬೇರಿಂಗಿನ ಗೂಡನ್ನು ಚೌಕಟ್ಟಿಗೆ ಸುತ್ತಲೂ ವೆಲ್ಡ್ ಹೊಡೆದುಬಿಟ್ಟ. "ಇನ್ನ ನಿನ್ನ ಮೊಮ್ಮಕ್ಕಳು ಬಂದ್ರೂ ಅಲಗಾಡಂಗಿಲ್ಲ," ಎಂದ. ಅಲಗಾಡಲಿಲ್ಲ, ನಿಜ.

ಕಾಳವ್ವನ ಕೈ ನೋಡಲು ಚೆಂದ. ಹಸಿರು ಗಾಜಿನ ಬಳೆ, ದುಂಡನೆ ಮಣಿಕಟ್ಟು. ಎರಡು ಕಬ್ಬು ಮಡಚಿ, ನಡುವೆ ಹಸಿಶುಂಠಿ ಇಟ್ಟು, ಬಲಗೈಯಲ್ಲಿ ರೋಲರಿಗೆ ಕೊಡುವಳು. ಬೆರಳು ರೋಲರಿನ ಬಾಯಿಯವರೆಗೆ ಹೋಗಿ ಸರಿಯಾಗಿ ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ಹೆಬ್ಬೆರಳು, ತೋರುಬೆರಳಲ್ಲಿ ಚಿಟಿಕೆ ಉಪ್ಪು ಹಿಡಿದು ಗ್ಲಾಸಿಗೆ ಉದುರಿಸುವಳು. ತಮ್ಮನ ಗ್ಲಾಸಿಗೆ ಉಪ್ಪು ತುಸು ಹೆಚ್ಚು. ಬೆಂಕಿಯ ಮುಂದೆ ಬೆವರುವವನು ಎಂದು.

ದಸರೆಯಲ್ಲಿ ಖಂಡೇಪೂಜೆ ಬಂತು. ನಮ್ಮ ಕಡೆ ಅದು ಆಯುಧಗಳ ಹಬ್ಬ. ಆ ದಿನ ಆಯುಧಗಳನ್ನು ತೊಳೆದು, ಪೂಜೆ ಮಾಡಿ ಇಟ್ಟರೆ ಮರುದಿನ ಬನ್ನಿ ತರುವವರೆಗೆ ಮುಟ್ಟುವಂತಿಲ್ಲ. ಪೂಜೆಗೆ ಒಂದು ಹೊಸ ಸಾಮಾನು, ಕೆಲಸ ಕಾಣದ್ದು, ಇರಲೇಬೇಕೆಂದು ಮೌನೇಶನ ಅಪ್ಪನ ಕಾಲದಿಂದ ಪದ್ಧತಿ. ಆ ವರ್ಷ ಹೊಸದಾಗಿ ಇದ್ದವನು ನಾನು. ನನ್ನನ್ನು ಪಾಕೀಟಿನಿಂದ ತೆಗೆದು, ಮೈಗೆ ಅರಿಸಿನ ಕುಂಕುಮ ಹಚ್ಚಿ, ಕಾಳಿಕಾದೇವಿಯ ಪಟಕ್ಕೆ ಹೂಮಾಲೆಯಂತೆ ಇಳಿಬಿಟ್ಟರು. ಕೆಲಸವಿಲ್ಲದಿದ್ದರೂ ಮಾನ ಸಿಕ್ಕಿತಲ್ಲ ಎಂದು ನಾನು ಉಬ್ಬಿದೆ.

ಪಟದ ಮೇಲಿನಿಂದ ಇಡೀ ಅಂಗಡಿ ಕಾಣುತ್ತಿತ್ತು. ಬೆಳಿಗ್ಗೆ ಕಾಳವ್ವ ಸೆರಗು ಕಟ್ಟಿ ಬಂದಳು. ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು. ಪ್ರತಿವರ್ಷ ಆಯುಧಗಳಿಗೆ ಎಣ್ಣೆ ಸವರುವುದು ಮನೆಯ ಹೆಣ್ಣುಮಗಳ ಹಕ್ಕು. ಸುತ್ತಿಗೆ, ಇಕ್ಕಳ, ಕಬ್ಬಿಣ ಬಡಿಯುವ ಅಡೆಗಲ್ಲು ಒಂದೊಂದಕ್ಕೂ ಎಣ್ಣೆ ಸವರಿದಳು. "ನೀ ನಮ್ಮಪ್ಪನ ಕಾಲದಾಕಿ," ಎಂದು ಹಳೆಯ ಸುತ್ತಿಗೆಯ ತಲೆ ನೇವರಿಸಿದಳು. ನಂತರ ಬ್ಯಾಂಡ್‌ಸಾ ಮಶೀನನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಶೀನಿನ ಹೊಟ್ಟೆ ತೆರೆದೇ ಇರುತ್ತದೆ. ಅದರೊಳಗೆ ಬೆರಳು ಹಾಕಿ ಗಾಲಿಗೆ, ಗಾಲಿಯ ರಬ್ಬರಿಗೆ, ನನ್ನ ನಾಲ್ಕನೇ ಅಣ್ಣನ ಮೈಗೆ ಮಗುವಿನ ತಲೆಗೆ ಎಣ್ಣೆ ತಿಕ್ಕುವ ಹಾಗೆ ತಿಕ್ಕಿದಳು. "ವರ್ಷಾನುಗಟ್ಟಲೆ ದುಡೀತಿ, ಒಂದು ಹನಿ ಎಣ್ಣಿ ಕಾಣಂಗಿಲ್ಲ ನಿನಗ," ಎಂದು ಮರುಗಿದಳು.

ಬೇಡವ್ವ, ಅದಕ್ಕೆ ಬೇಡ ಎಂದು ನಾನು ಒಳಗೊಳಗೇ ಒರಲಿದೆ. ಬ್ಲೇಡಿನ ಮಾತು ಯಾರಿಗೆ ಕೇಳುತ್ತದೆ? ಮೌನೇಶ ಗೇಟಿಗೆ ಮಾವಿನೆಲೆ ಕಟ್ಟುತ್ತಿದ್ದ. ಒಮ್ಮೆ ತಿರುಗಿ ನೋಡಿದ. ಅಕ್ಕನ ತೊಡೆಯ ಮೇಲೆ ಮಶೀನು, ಕೈಯಲ್ಲಿ ಎಣ್ಣೆಬಟ್ಟಲು. ನೋಡಿದ್ದು ಮನಸ್ಸಿಗಿಳಿಯಲಿಲ್ಲವೇನೋ, ಮತ್ತೆ ಎಲೆ ಕಟ್ಟತೊಡಗಿದ.

ಅಂಗಡಿಯ ಪೂಜೆಯಾಯಿತು. ಕಾಳವ್ವ ತನ್ನ ಗಾಣಕ್ಕೂ ಕುಂಕುಮವಿಟ್ಟಳು. ಚೆಂಡುಹೂವಿನ ದಪ್ಪ ಮಾಲೆ ಕಟ್ಟಲು ದಾರ ಸಾಲಲಿಲ್ಲ. ಮೌನೇಶನೇ ಒಂದು ತುಂಡು ಬೈಂಡಿಂಗ್ ತಂತಿ ಕೊಟ್ಟ. ಗಟ್ಟಿಯಾಗಿ ನಿಲ್ಲುತ್ತದೆ ಎಂದ. ಪೂಜೆ ಮುಗಿದ ಮೇಲೆ ಅವಳದೊಂದು ಪದ್ಧತಿ: ಗಾಣವನ್ನು ಒಂದೇ ಒಂದು ಸಲ ತಿರುಗಿಸಿ, ಮೊದಲ ಗ್ಲಾಸು ಹಾಲು ದೇವಿಗೆ ತೋರಿಸಿ, ಅದನ್ನು ತಮ್ಮನಿಗೆ ಕುಡಿಸಿ, ಆಮೇಲೆ ಗಾಣಕ್ಕೆ ವಿಶ್ರಾಂತಿ.

"ತಮ್ಮಾ, ಗ್ಲಾಸು ತೊಳ್ದೀನಿ, ಬಾ," ಎಂದು ಕೂಗಿದಳು. ಗುಂಡಿ ಒತ್ತಿದಳು. ಕಬ್ಬು ಕೊಟ್ಟಳು.

ಮಾಲೆಯ ತುದಿ ಕಬ್ಬಿನೊಂದಿಗೆ ರೋಲರಿಗೆ ಹೋಯಿತು. ದೇವರ ಮಾಲೆ ಹರಿದೀತೆಂದು ಅವಳು ಹಿಡಿದು ಎಳೆದಳು. ದಾರವಾಗಿದ್ದರೆ ಹರಿಯುತ್ತಿತ್ತು. ತಂತಿ ಹರಿಯಲಿಲ್ಲ, ಬೆರಳಿಗೆ ಸುತ್ತಿಕೊಂಡು ಕೈಯನ್ನೇ ಕರೆದುಕೊಂಡು ಹೋಯಿತು. ಬಳೆ ಒಡೆದ ಸದ್ದು ಕೇಳಿತು. ತಂತಿಯ ಇನ್ನೊಂದು ಕೊನೆ ಪಕ್ಕದ ಗೇರಿಗೆ ಸಿಕ್ಕಿ, ಗೇರಿನ ಹಲ್ಲು ಮುರಿದು, ಗಾಣ ಗಡಗಡನೆ ನಡುಗಿ ನಿಂತಿತು. ಆಮೇಲೆ ಕಾಳವ್ವನ ಕೂಗು. ಅದನ್ನು ಹೇಳಲು ನನ್ನಿಂದಾಗದು.

ದಾವಲ ಓಡಿಹೋಗಿ ಪ್ಲಗ್ಗು ಕಿತ್ತ. ಮೌನೇಶ ಗಾಣದ ದೊಡ್ಡ ಗಾಲಿಯನ್ನು ಹಿಂದಕ್ಕೆ ತಿರುವಲು ಜೋತುಬಿದ್ದ. ತಿರುಗಲಿಲ್ಲ, ಮುರಿದ ಹಲ್ಲು ಎರಡು ಗೇರುಗಳ ನಡುವೆ ಬೆಣೆಯಾಗಿ ಕೂತಿತ್ತು. ಸುತ್ತಿಗೆಯಿಂದ ಏಟು ಕೊಟ್ಟ, ಕದಲಲಿಲ್ಲ. ಬೇರಿಂಗು ಬಿಚ್ಚೋಣವೆಂದು ಪಾನಾ ಹಿಡಿದು ಬಾಗಿದವನು ಹಾಗೇ ನಿಂತ. ಬಿಚ್ಚಲು ಬೋಲ್ಟೇ ಇರಲಿಲ್ಲ. ತಾನೇ ಹೊಡೆದ ವೆಲ್ಡು, ಕೈಬೆರಳ ದಪ್ಪ, ಸುತ್ತಲೂ.

ಜನ ಕೂಡಿದರು. ಅಗ್ನಿಶಾಮಕದವರಿಗೆ ಫೋನು ಹೋಯಿತು. ಬರುತ್ತೇವೆ, ದೂರವಿದ್ದೇವೆ ಎಂದರು. "ಗ್ರೈಂಡರ್ ಹಚ್ಚು," ಎಂದನೊಬ್ಬ. ಕಿಡಿ ನೇರ ಅವಳ ಮುಖಕ್ಕೆ ಹಾರುತ್ತಿತ್ತು, ಕಾದ ಕಬ್ಬಿಣ ಅವಳ ಕೈಗೆ ಅಂಟುತ್ತಿತ್ತು. "ಗ್ಯಾಸ್ ಕಟರ್ ತಾ," ಎಂದ ಇನ್ನೊಬ್ಬ. ರೋಲರು ಕೆಂಪಗಾದರೆ ಒಳಗಿನ ಕೈ ಏನಾದೀತು? ಮೂರನೆಯವನು ಮೆಲ್ಲಗೆ, ಕೈಯನ್ನೇ ತೆಗೆಯಬೇಕಾದೀತೇನೋ ಎಂದ. ಕಾಳವ್ವ ಅದನ್ನು ಕೇಳಿಸಿಕೊಂಡಳು. ಅವಳ ಮುಖ ಬಿಳಚಿ, ತುಟಿ ಒಣಗಿ, ಕಣ್ಣು ತಮ್ಮನ ಮೇಲೆಯೇ ನೆಟ್ಟಿತ್ತು. "ಮೌನ್ಯಾ, ಕೈ ಹೋಗಬಾರದೋ," ಎಂದಳು.

ಮೌನೇಶ ಅಂಗಡಿಯೊಳಗೆ ನುಗ್ಗಿ ಬ್ಯಾಂಡ್‌ಸಾದ ಮೇಲಿನ ಹೂ ಕಿತ್ತೆಸೆದ.

"ಪೂಜಿ ಮಾಡಿದ್ದು ಮುಟ್ಟಬಾರದಪ್ಪಾ," ಎಂದು ಮುದುಕನೊಬ್ಬ ಬಾಗಿಲಲ್ಲಿ ಕೈ ಅಡ್ಡ ಚಾಚಿದ. ಮೌನೇಶ ಮಶೀನು ಎತ್ತಿಕೊಂಡು ಅವನೆದುರಿಗೇ ನಡೆದ. ಮುದುಕ ತಾನೇ ಸರಿದ.

ಮೇಲಿನ ರೋಲರಿನ ಶಾಫ್ಟಿನಲ್ಲಿ, ಅಂದರೆ ಅದರ ಉಕ್ಕಿನ ಅಚ್ಚಿನಲ್ಲಿ, ಗೇರಿಲ್ಲದ ಕಡೆ, ರೋಲರಿಗೂ ಬೇರಿಂಗಿಗೂ ನಡುವೆ ನಾಲ್ಕು ಬೆರಳು ಜಾಗ. ಅಲ್ಲಿ ಕೊಯ್ದರೆ ರೋಲರಿನ ಆ ತುದಿಯನ್ನು ಹಾರೆಯಿಂದ ಎತ್ತಬಹುದು, ಕೈ ಹೊರಬರುತ್ತದೆ. ಮೌನೇಶ ಮಶೀನನ್ನು ಮೇಲಿನಿಂದ ಶಾಫ್ಟಿಗಿಟ್ಟು ಗುಂಡಿ ಒತ್ತಿದ. ಮೋಟಾರು ಕಿರ್ರೆಂದಿತು. ಗಾಲಿ ತಿರುಗಿತು. ಅಣ್ಣ ತಿರುಗಲಿಲ್ಲ. ಜಾರಿದ, ಗಾಲಿಯಿಂದ ಕಳಚಿ ಜೋತುಬಿದ್ದ. ಮೌನೇಶ ಮತ್ತೆ ಏರಿಸಿದ, ಮತ್ತೆ ಜಾರಿದ. ಆಗ ಅವನು ರಬ್ಬರಿಗೆ ಬೆರಳಿಟ್ಟು, ಆ ಬೆರಳನ್ನು ಮೂಗಿಗೆ ಹಿಡಿದ. ಕೊಬ್ಬರಿ ಎಣ್ಣೆ.

ಅವನು ಅಕ್ಕನ ಕಡೆ ನೋಡಲಿಲ್ಲ. ನೋಡಬಾರದೆಂದೇ ಬಾಗಿದ್ದ.

"ಯಾಕೋ? ಏನಾತೋ?" ಎಂದಳು ಕಾಳವ್ವ.

"ರಬ್ಬರಿಗೆ ಎಣ್ಣಿ ಹತ್ತೈತಿ, ಜಾರಾಕತ್ತೈತಿ."

ಅವಳ ಕಣ್ಣು ಮಶೀನಿನ ಮೇಲೆ ನಿಂತಿತು. "ಎಣ್ಣಿ ಹಚ್ಚಿದ್ದು ಯಾರೋ?"

"ನಾನ. ನಾನ ಹಚ್ಚೀನಿ ಅಕ್ಕಾ, ಬುದ್ಧಿಗೇಡಿ," ಎಂದು ಮೌನೇಶ ಎಲ್ಲರಿಗೂ ಕೇಳುವಂತೆ ಹೇಳಿದ. ಅಂಗಿ ಬಿಚ್ಚಿ ರಬ್ಬರು ಒರೆಸತೊಡಗಿದ. ಬಟ್ಟೆ ಎಣ್ಣೆಯನ್ನು ಅತ್ತಿತ್ತ ಹರಡಿತೇ ಹೊರತು ಹೀರಲಿಲ್ಲ.

ಆದರೂ ಒಮ್ಮೆ ಹಿಡಿಯಿತು. ಅಣ್ಣ ಓಡಿದ. ಶಾಫ್ಟಿಗೆ ಹಲ್ಲು ಕೊಟ್ಟ. ಸಣ್ಣ ಉಕ್ಕಿನ ಪುಡಿ ಉದುರತೊಡಗಿದಾಗ ಜನ ಉಸಿರು ಬಿಟ್ಟರು. ಜಾರುತ್ತ, ಹಿಡಿಯುತ್ತ ಅರ್ಧದವರೆಗೆ ಹೋದ. ಅಲ್ಲಿ ಮತ್ತೊಮ್ಮೆ ಜಾರಿ, ಸೀಳಿನೊಳಗೇ ತಿರುಚಿಕೊಂಡು, ಟಪ್ಪೆಂದು ತುಂಡಾದ. ಮೌನೇಶನ ಬಾಯಿಂದ ಒಂದು ದನಿ ಬಂತು. ಮನುಷ್ಯರಿಂದ ನಾನು ಅಂಥ ದನಿ ಅದಕ್ಕೆ ಮುಂಚೆ ಕೇಳಿರಲಿಲ್ಲ.

ನಾಲ್ಕನೆಯವನು ತುಂಡಾಗಲಿ ಎಂದು ಬೇಡಿಕೊಂಡವನು ನಾನು. ಈಗ ಪಟದ ಮೇಲೆ ನಾನೊಬ್ಬನೇ. ಊರಲ್ಲಿ ಬೇರೆ ಬ್ಲೇಡಿಲ್ಲ, ಹಬ್ಬಕ್ಕೆ ಅಂಗಡಿಗಳೂ ಮುಚ್ಚಿದ್ದವು. ನನಗೆ ಕೆಲಸ ಬೇಡವಾಗಿತ್ತು. ನಾನೂ ಜಾರಿದರೆ? ನಾನೂ ಮುರಿದರೆ? ಇಷ್ಟು ದಿನ ಹಲ್ಲು ಮಸೆದವನಿಗೆ ಆ ಗಳಿಗೆಯಲ್ಲಿ ಪಟದ ಮೇಲೇ ತುಕ್ಕು ಹಿಡಿದು ಹೋಗುವುದು ವಾಸಿ ಎನ್ನಿಸಿತು. ಮೌನೇಶ ಬಂದು ನನ್ನನ್ನು ಕಿತ್ತುಕೊಂಡ. ದೇವಿಯ ಪಟ ಕೆಳಗೆ ಬಿತ್ತು, ಗಾಜು ಒಡೆಯಿತು. ಯಾರೂ ಎತ್ತಲಿಲ್ಲ.

"ತಮ್ಮಾ," ಎಂದಳು ಕಾಳವ್ವ. ದನಿ ಸಣ್ಣಗಾಗಿತ್ತು. "ಜಿಡ್ಡಿಗೆ ಬಟ್ಟಿ ಒಗ್ಗಂಗಿಲ್ಲೋ. ಬೂದಿ ಹಾಕಿ ತಿಕ್ಕು. ಭಾಂಡೆ ತಿಕ್ಕಿದಂಗ."

ಒಲೆಯ ಬೂದಿ ಎಲ್ಲಿಂದ ತರುವುದು? ಪೂಜೆಯ ತಟ್ಟೆಯಲ್ಲಿ ವಿಭೂತಿಯ ಗಟ್ಟಿಗಳಿದ್ದವು. ದಾವಲ ಅವನ್ನು ಅಂಗೈಯಲ್ಲಿ ಪುಡಿ ಮಾಡಿ ತಂದು ಸುರಿದ. ಮೌನೇಶ ರಬ್ಬರಿಗೆ ವಿಭೂತಿ ಹಾಕಿ ತಿಕ್ಕಿದ, ಒರೆಸಿದ, ಮತ್ತೆ ಹಾಕಿ ತಿಕ್ಕಿದ. ರಬ್ಬರು ಮಾಸಲಾಗಿ, ಒಣಗಿತು. ನನ್ನನ್ನು ಏರಿಸಿದ. ಗಾಲಿ ನನ್ನನ್ನು ಹಿಡಿಯಿತು. ಭದ್ರವಾಗಿ ಹಿಡಿಯಿತು.

ಅವಸರದಲ್ಲಿ ಅವನು ನನ್ನನ್ನು ಅಣ್ಣನ ಅರ್ಧ ಸೀಳಿಗೇ ಇಳಿಸಲು ಹೊರಟ. ಎರಡನೇ ಅಣ್ಣ ಸತ್ತ ಬಗೆ ನನಗೆ ನೆನಪಾಯಿತು. ಅರ್ಧ ಕೊಯ್ದಾಗಿದೆ, ಉಳಿದರ್ಧ ಕೊಯ್ದರಾಯಿತು ಎಂದು ಯಾರಿಗಾದರೂ ಅನ್ನಿಸುತ್ತದೆ. ಸವೆದವನ ಸೀಳು, ಹೊಸಬನ ಹಲ್ಲು. ಸೀಳಿನ ಬಾಯಿಗೆ ನನ್ನ ಹಲ್ಲು ತಾಕಿತು. ಬೆನ್ನ ಹಿಂದಿನಿಂದ ದಾವಲ ಅವನ ಭುಜ ಹಿಡಿದ.

"ಹಳೇ ಗಾಯ, ಉಸ್ತಾದ."

ಮೌನೇಶ ನಿಂತ. ಆ ಮಾತು ಅವನದೇ. ಕಣ್ಣೊರೆಸಿಕೊಂಡು ಮಶೀನು ಹೊರಗೆಳೆದ.

ಆಚೆ ಕಡೆಯಿಂದ ಕೊಯ್ಯಬೇಕು. ಆಚೆ ಕಡೆ ಎಂದರೆ ಶಾಫ್ಟಿನ ಕೆಳಗಿನಿಂದ. ಮೌನೇಶ ಕಾಳವ್ವನ ಕಾಲ ಬಳಿ ನೆಲದ ಮೇಲೆ ಅಂಗಾತ ಮಲಗಿ, ಮಶೀನನ್ನು ತಲೆಕೆಳಗು ಮಾಡಿ, ಎರಡೂ ಕೈಯಲ್ಲಿ ಮೇಲಕ್ಕೆತ್ತಿ ಹಿಡಿದ. ಅಕ್ಕನ ಕೈಯಿಂದ ಸೋರುತ್ತಿದ್ದ ಕಬ್ಬಿನ ಹಾಲು, ಅದರೊಳಗೆ ಬೆರೆತ ಕೆಂಪು, ಅವನ ಬರಿಯ ಎದೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಶೀನಿನ ಭಾರಕ್ಕೆ ಅದು ತಾನೇ ಇಳಿಯುತ್ತದೆ ಎಂದು ಜೀವಮಾನವೆಲ್ಲ ಹೇಳಿದವನು. ಈಗ ಭಾರವೆಲ್ಲ ತೋಳಿನ ಮೇಲೆ. ಎಷ್ಟು ಒತ್ತಬೇಕು, ಎಷ್ಟು ಬಿಡಬೇಕು, ತಿಳಿಯುವುದು ಹೇಗೆ? ಒತ್ತಿದರೆ ನಾನು ಮುರಿಯುತ್ತೇನೆ. ಬಿಟ್ಟರೆ ಹಲ್ಲು ಶಾಫ್ಟನ್ನು ಉಜ್ಜುತ್ತ ಮೊಂಡಾಗುತ್ತದೆ.

ನಾನು ಕೊಯ್ಯತೊಡಗಿದೆ. ಮೊದಲ ಹಲ್ಲಿಗೆ ಉಕ್ಕು ತಾಕಿದಾಗ ಸುಖವಾಗಬೇಕಿತ್ತು. ಭಯವೊಂದೇ ಆಯಿತು. ಮೌನೇಶನ ತೋಳು ಅದುರಿತು, ನಾನು ಕುಪ್ಪಳಿಸಿದೆ.

"ಆ!" ಎಂದಳು ಕಾಳವ್ವ. ಹಲ್ಲು ಕಚ್ಚಿದಳು. "ಒತ್ತಾಕತ್ತೀ ತಮ್ಮಾ. ಕುಣೀತೈತಿ. ನನ್ನ ಕೈಯಾಗ ಗೊತ್ತಾಗ್ತೈತಿ."

ನನ್ನ ಅದುರು ಶಾಫ್ಟಿನಿಂದ ರೋಲರಿಗೆ, ರೋಲರಿನಿಂದ ಅವಳ ಜಜ್ಜಿದ ಬೆರಳಿಗೆ ಹೋಗುತ್ತಿತ್ತು. ನಾನು ಸರಾಗವಾಗಿ ಓಡಿದರೆ ಅವಳಿಗೆ ನೋವು ಒಂದೇ ಸಮನೆ. ಕುಪ್ಪಳಿಸಿದರೆ ಸೂಜಿ ಚುಚ್ಚಿದಂತೆ. ಅವಳು ಆ ನೋವನ್ನೇ ಬಾಯಲ್ಲಿ ಹೇಳತೊಡಗಿದಳು.

"ಸಡ್ಲ ಬಿಡು... ಹಂ. ಈಗ ಸರಿ. ಹಿಂಗ... ಹಿಂಗ ಇರ್ಲಿ. ಈಗ ಬಾಳ ಸಡ್ಲಾತು, ಸ್ವಲ್ಪ ಎತ್ತು. ಎತ್ತೋ, ನಾ ಸಾಯಂಗಿಲ್ಲ, ಎತ್ತು."

ಮೌನೇಶ ಕಣ್ಣು ಮುಚ್ಚಿದ್ದ. ಉಕ್ಕಿನ ಪುಡಿ ಅವನ ರೆಪ್ಪೆಯ ಮೇಲೆ ಬೀಳುತ್ತಿತ್ತು. ಅಕ್ಕನ ಮಾತು ಕೇಳಿ ತೋಳು ಎತ್ತುವನು, ಇಳಿಸುವನು. ಚಿಕ್ಕಂದಿನಲ್ಲಿ ಅವಳೇ ಕೈಹಿಡಿದು ನಡೆಸಿದ್ದಳಂತೆ. ಈಗ ನಡೆಸುತ್ತಿದ್ದುದೂ ಅವಳೇ. ದಾವಲ ರೋಲರಿನ ಕೆಳಗೆ ಹಾರೆ ಕೊಟ್ಟು, ಅದರ ಮೇಲೆ ಮೈಯೆಲ್ಲ ಹೇರಿ ಕಾಯುತ್ತಿದ್ದ.

ನಡುವೆ ಅವಳ ದನಿ ನಿಂತಿತು. "ಅಕ್ಕಾ!" ಎಂದು ಮೌನೇಶ ಕೆಳಗಿನಿಂದ ಚೀರಿದ. "ಮಾತಾಡು, ಅಕ್ಕಾ, ಬೈಯಿ, ಏನಾರ ಅನ್ನು!" ಜನರಲ್ಲಿ ಯಾರೋ ಅವಳ ಮುಖಕ್ಕೆ ನೀರು ಚಿಮುಕಿಸಿದರು. ಆ ನಿಶ್ಶಬ್ದದಲ್ಲಿ ನಾನು ಕುರುಡನಂತೆ ಓಡಿದೆ. ಎರಡು ಹಲ್ಲು ಹೋದವು, ಮೂರನೆಯದೂ ಹೋಯಿತು. ದೇವಿ, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದು ನಾನು ಬೇಡಿದೆ. ಒಡೆದ ಗಾಜಿನ ಕೆಳಗೆ ಬಿದ್ದಿದ್ದ ಅವಳಿಗೆ ಕೇಳಿಸಿತೋ ಇಲ್ಲವೋ.

"ಹಂ," ಎಂದಿತು ಮೇಲಿನಿಂದ ಒಂದು ದನಿ. "ಹಿಂಗ ಇರ್ಲಿ."

ನನ್ನ ಸೀಳು ಅಣ್ಣನ ಸೀಳಿಗೆ ನೇರವಾಗಿ ಕೂಡಲಿಲ್ಲ. ಒಂದು ಕಡ್ಡಿಯಷ್ಟು ಪಕ್ಕಕ್ಕೆ ಸರಿದಿತ್ತು. ನಡುವೆ ತೆಳು ಉಕ್ಕಿನ ಒಂದು ಪದರ ಉಳಿಯಿತು. "ಈಗ ಹಾಕು ದಾವಲಾ!" ಎಂದ ಮೌನೇಶ. ದಾವಲ, ಒತ್ತಬೇಡ ಒತ್ತಬೇಡ ಎಂದು ದಿನವೂ ಬೈಸಿಕೊಂಡವನು, ಇದ್ದ ಬದ್ದ ಬಲವನ್ನೆಲ್ಲ ಹಾರೆಯ ಮೇಲೆ ಹಾಕಿದ. ಪದರ ಕಿತ್ತುಹೋಯಿತು. ಶಾಫ್ಟು ಮುರಿದು ಕುಸಿದಾಗ ನಾನು ನಡುವೆ ಸಿಕ್ಕಿದ್ದೆ. ಹುಟ್ಟಿದಾಗ ಬೆಸುಗೆ ಹಾಕಿದ ಜಾಗದಲ್ಲೇ ನಾನು ತುಂಡಾದೆ. ರೋಲರು ಎದ್ದಿತು. ಕಾಳವ್ವನ ಕೈ ಹೊರಬಂತು. ನಾನು ಅದನ್ನು ನೋಡಿದೆ, ನೋಡಬಾರದಿತ್ತು ಅನ್ನಿಸಿತು.

ಯಾರದೋ ಟಂಟಂ ಆಟೋದಲ್ಲಿ ಅವಳನ್ನು ಹತ್ತಿಸಿಕೊಂಡು ಊರಿನ ಆಸ್ಪತ್ರೆಗೆ ಹೋದರು, ಅಲ್ಲಿಂದ ಹುಬ್ಬಳ್ಳಿಗೆ. ನಾನು ಗಾಣದ ಕೆಳಗೆ ಹೂವು, ಬಳೆಚೂರು, ಕಬ್ಬಿನ ಸಿಪ್ಪೆಯ ನಡುವೆ ಬಿದ್ದಿದ್ದೆ. ಮರುದಿನ ಊರೆಲ್ಲ ಬನ್ನಿ ಕೊಟ್ಟು "ಬಂಗಾರದಂಗ ಇರೂಣು" ಎಂದು ಹೇಳಿಕೊಂಡು ಹೋಗುವಾಗಲೂ ಅಲ್ಲೇ ಬಿದ್ದಿದ್ದೆ. ಇರುವೆಗಳು ಸಿಹಿಗೆ ಮುತ್ತಿದ್ದವು.

ಕೈ ಉಳಿಯಿತು. ಕಿರುಬೆರಳು, ಉಂಗುರಬೆರಳು, ನಡುಬೆರಳು ಉಳಿಯಲಿಲ್ಲ. ಹೆಬ್ಬೆರಳು, ತೋರುಬೆರಳು ಮಾತ್ರ ಇವೆ. ಇನ್ನೂ ತಡವಾಗಿದ್ದರೆ ಮಣಿಕಟ್ಟಿನವರೆಗೆ ತೆಗೆಯಬೇಕಾಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಇನ್ನೂ ಬೇಗ ಆಗಿದ್ದರೆ? ಎಣ್ಣೆ ಜಾರದೆ ಅಣ್ಣನೇ ಕೊಯ್ದು ಮುಗಿಸಿದ್ದರೆ? ಅದನ್ನು ಮೌನೇಶ ಡಾಕ್ಟರಿಗೆ ಕೇಳಲಿಲ್ಲವಂತೆ. ದಾವಲನಿಗೆ ಹೀಗೆ ಹೇಳುತ್ತ ಅವನು ಗೋಡೆಗೆ ತಲೆಯಾನಿಸಿ ಅತ್ತ. ಅಂಗಡಿಯಲ್ಲಿ ಆಗ ಅವರಿಬ್ಬರೇ ಇದ್ದರು, ಮೂರನೆಯವನು ನಾನು. ಗಾಣದ ಕೆಳಗಿನಿಂದ ಹೆಕ್ಕಿ ಮೊಳೆಗೆ ಸಿಕ್ಕಿಸಿದ್ದರು.

ಗಾಣ ಗುಜರಿಗೆ ಹೋಯಿತು. ಬೇವಿನ ಕೆಳಗೆ ಕಾಳವ್ವ ಈಗ ಏನೂ ಮಾರುವುದಿಲ್ಲ, ಸುಮ್ಮನೆ ಕೂರುತ್ತಾಳೆ. ಮೌನೇಶ ಕಬ್ಬಿನಹಾಲು ಕುಡಿಯುವುದನ್ನು ಬಿಟ್ಟ. ಊರಿನ ಬಾಯಿ ಮಾತ್ರ ಬಿಡಲಿಲ್ಲ. ಅಂಗಡಿಗೆ ಬಂದವರು ಹೇಳುವರು, "ಏನ್ ಮಿಸ್ತ್ರೀ, ಮೂರು ತಲಿಮಾರಿನ ಕೆಲಸಗಾರ, ರಬ್ಬರಿಗೆ ಎಣ್ಣಿ ಹಚ್ಚೋದಾ? ಅಕ್ಕನ ಬೆರಳು ನುಂಗಿದ್ಯಲ್ಲೋ." ಅವನು "ಹೌದ್ರಿ, ನಂದ ತಪ್ಪು" ಎಂದು ಕೆಲಸಕ್ಕೆ ಬಾಗುವನು. ಬೇವಿನ ಕೆಳಗಿನಿಂದ ಕಾಳವ್ವ ಕೇಳಿಸಿಕೊಳ್ಳುವಳು. ಒಂದು ಸಲ ಏಳಲು ಹೋದಳು, ಬಾಯಿ ತೆರೆದಳು. ಮೌನೇಶ ಅವಳತ್ತ ನೋಡಿದ ನೋಟಕ್ಕೆ ಮತ್ತೆ ಕೂತಳು.

ವರ್ಷ ತಿರುಗಿ ಖಂಡೇಪೂಜೆ ಬಂತು. ಆ ಬೆಳಿಗ್ಗೆ ಮೌನೇಶ ಎಲ್ಲರಿಗಿಂತ ಮುಂಚೆ ಅಂಗಡಿಗೆ ಬಂದ. ಬ್ಯಾಂಡ್‌ಸಾ ಕೆಳಗಿಳಿಸಿ, ಅದರ ಎರಡೂ ಗಾಲಿಗಳಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ದಾರ ಬಿಗಿದ. ಈ ಸಲ ದಾರವೇ. ಗಂಟು ಕಾಣದಂತೆ ಒಳಗೆ ತಿರುಗಿಸಿಟ್ಟ. ಆಮೇಲೆ ಎಣ್ಣೆಯ ಬಟ್ಟಲು ತುಂಬಿಸಿ ಹೊರಗೆ ಹೋಗಿ, ಯಾವ ವರ್ಷವೂ ಕರೆಯದವನು, "ಅಕ್ಕಾ, ಎಣ್ಣಿ ಹಚ್ಚಾಕ ಬಾ," ಎಂದು ಕರೆದ.

ಕಾಳವ್ವ ಬಂದಳು. ಎಡಗೈಯಲ್ಲಿ ಸುತ್ತಿಗೆಗೆ, ಇಕ್ಕಳಕ್ಕೆ, ಅಡೆಗಲ್ಲಿಗೆ ಸವರಿದಳು. ಬ್ಯಾಂಡ್‌ಸಾದ ಬಳಿ ಕೂತಾಗ ಮೌನೇಶ ಬಾಗಿಲಿಗೆ ಮಾವಿನೆಲೆ ಕಟ್ಟಲು ಹೋಗಿದ್ದ, ಬೆನ್ನು ತಿರುಗಿಸಿ. ಅವಳು ಹಾಳೆ ಮುಟ್ಟಿ ನೋಡಿದಳು. ಒಳಗೆ ಅಡಗಿಸಿಟ್ಟ ಗಂಟನ್ನು ಉಳಿದೆರಡು ಬೆರಳಿನಿಂದ ತಡವಿದಳು.

"ಇದೇನೋ ಸುತ್ತೀದಿ?"

"ಧೂಳು," ಎಂದ ಮೌನೇಶ, ತಿರುಗದೆ. "ಧೂಳು ಬೀಳಬಾರದಂತ."

"ಹಂ. ಧೂಳು ಬಾಳ ಐತಿ," ಎಂದಳು.

ಅವಳ ಕಣ್ಣು ತುಂಬಿತ್ತು. ಬಟ್ಟಲನ್ನು ಕೆಳಗಿಟ್ಟು ಕುಂಕುಮದ ಬಟ್ಟಲು ಹಿಡಿದು ನನ್ನ ಗೋಡೆಯ ಬಳಿ ಬಂದಳು. ಮುರಿದ ಸಾಮಾನಿಗೆ ಪೂಜೆಯಿಲ್ಲ, ಪದ್ಧತಿ ಹಾಗೆ. ಆದರೂ ಉಪ್ಪು ಹಿಡಿಯುತ್ತಿದ್ದ ಆ ಎರಡು ಬೆರಳಲ್ಲಿ ಚಿಟಿಕೆ ಕುಂಕುಮ ಹಿಡಿದು ನನ್ನ ಮೊಂಡು ಹಲ್ಲುಗಳ ಮೇಲೆ ಇಟ್ಟಳು. ಬಾಯಿ ಹತ್ತಿರ ತಂದು, ನನಗೊಬ್ಬನಿಗೇ ಕೇಳುವಂತೆ ಹೇಳಿದಳು: "ಎಣ್ಣಿ ಹಚ್ಚಿದ್ದು ನಾ ಮರ್ತೀನಿ ಅಂತ ಅವ ತಿಳ್ದಾನ. ಹಂಗ ತಿಳೀಲಿ. ನೀ ಹೇಳಬ್ಯಾಡ."

ನಾನು ಬಾಳಿದ್ದು ಒಂದೇ ಕೊಯ್ತ. ಅದರಲ್ಲಿ ಬೆರಳು ಉಳಿಸಲಾಗಲಿಲ್ಲ, ಕೈ ಉಳಿಸಿದೆ. ಅಷ್ಟಕ್ಕೆ ಹೆಮ್ಮೆ ಪಡಬೇಕೋ ಅಳಬೇಕೋ ಎಂದು ಈ ಮೊಳೆಯ ಮೇಲೆ ತೂಗಾಡುತ್ತ ಇನ್ನೂ ಯೋಚಿಸುತ್ತಿದ್ದೇನೆ. ಅವಳು ಹೇಳಬೇಡವೆಂದಳು. ಎದೆಯೊಳಗೆ ಇಟ್ಟುಕೊಳ್ಳಲಾರದೆ ನಿಮ್ಮ ಮುಂದೆ ಹೇಳಿಬಿಟ್ಟೆ. ನೀವು ಎಂದಾದರೂ ಗಜೇಂದ್ರಗಡಕ್ಕೆ ಹೋಗಿ ಆ ಅಂಗಡಿಯಲ್ಲಿ ಗೇಟು ಮಾಡಿಸಿದರೆ, ಎಣ್ಣೆಯ ಮಾತು ಎತ್ತಬೇಡಿ. ಎತ್ತಿದರೆ ಅವನು ತನ್ನದೇ ತಪ್ಪು ಎನ್ನುತ್ತಾನೆ, ಬೇವಿನ ಕೆಳಗೆ ಅವಳಿಗೆ ಕೇಳಿಸುತ್ತದೆ.